ತಬೇಲಾ ಆಟಕ್ಕೆ ಬಂದ ನಕಲಿ ನೋಟಿಸು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಚೆಂಬೂರಿನ ಟೇಕಡಿ ರಸ್ತೆ ಪೊಲೀಸ್ ಠಾಣೆಗೆ ಒಬ್ಬ ಯುವಕ ದೂರು ಕೊಡಲು ಬಂದ. ದೂರು ಯಾರ ಮೇಲೆ ಎಂದು ಹವಾಲ್ದಾರ ಅಕೀಲ ಮುಲ್ಲಾ ಕೇಳಿದ್ದಕ್ಕೆ, ಗೋಡೆಯ ಮೇಲಿದ್ದ ಠಾಣೆಯ ಬೋರ್ಡನ್ನೇ ಬೆರಳು ಮಾಡಿ ತೋರಿಸಿದ. ಅಕೀಲ ಪೆನ್ನಿನ ಮುಚ್ಚಳ ಹಾಕಿ, ಒಳಗಿನ ಕೋಣೆಯತ್ತ ತಿರುಗಿ, "ಸಾಹೇಬ್ರ, ಸ್ವಲ್ಪ ಹೊರಗ ಬರ್ರಿ" ಎಂದು ಕೂಗಿದ.

ಎದ್ದು ಬಂದವರು ಇನ್‌ಸ್ಪೆಕ್ಟರ್ ಶಿವಪುತ್ರಪ್ಪ ಬಿರಾದಾರ. ಅಕ್ಕಲಕೋಟೆ ಕಡೆಯವರು. ಅಪರಾಧವೆಂದರೆ ಕೈಯಲ್ಲಿ ಹಿಡಿದು ತೋರಿಸುವಂಥ ಏನಾದರೂ ಇರಬೇಕು ಎಂಬುದು ಅವರ ನಂಬಿಕೆ: ಸೈಕಲ್ಲು, ಕೊರಳ ಸರ, ಗ್ಯಾಸ್ ಸಿಲಿಂಡರು. ಓಟಿಪಿ, ಲಿಂಕು ಎಂಬ ಮಾತು ಕಿವಿಗೆ ಬಿದ್ದರೆ ಅವರಿಗೆ ತಲೆ ಹಿಡಿದುಕೊಳ್ಳುತ್ತಿತ್ತು. ಅಂಥ ದೂರುದಾರರನ್ನು ನಯವಾಗಿ ಸೈಬರ್ ಠಾಣೆಗೆ ದಾಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಈ ಸಲ ಮಾತ್ರ ದಾಟಿಸಲು ಬರಲಿಲ್ಲ.

"ಸರ್, ನಮ್ಮ ಗೇಮ್ ಯಾಕೆ ಬಂದ್ ಮಾಡಿಸಿದ್ದು ನೀವು?" ಎಂದ ಯುವಕ. ಅವನ ಹೆಸರು ಅಕ್ಷಯ ಸಾಲಿಯಾನ್.

"ಯಾವ ಗೇಮು?"

"ತಬೇಲಾ. ಮೊಬೈಲಲ್ಲಿ ಎಮ್ಮೆ ಸಾಕೋದು."

ಅಕ್ಷಯ ಅರ್ಧ ಹಿಂದಿ, ಕಾಲು ಇಂಗ್ಲಿಷ್, ಉಳಿದಷ್ಟು ಕನ್ನಡ ಬೆರೆಸಿ ವಿವರಿಸಿದ. ಪವಾಯಿಯಲ್ಲಿ ಅವನದು ನಾಲ್ಕು ಜನರ ಕಂಪನಿ. ಆ ನಾಲ್ವರೂ ಸೇರಿ 'ತಬೇಲಾ' ಆಟ ಮಾಡಿ 'ಖೇಲ್‌ಮಂಡಿ' ಎಂಬ ಆನ್‌ಲೈನ್ ಅಂಗಡಿಯಲ್ಲಿ ಇಟ್ಟಿದ್ದರು. ಆಡುವವರು ಒಂದೊಂದು ಎಮ್ಮೆ ಕೊಂಡು, ಹೊತ್ತುಹೊತ್ತಿಗೆ ಹುಲ್ಲು ಹಾಕಿ, ಮೈ ತೊಳೆದು, ಹಾಲು ಕರೆಯಬೇಕು. ಒಬ್ಬರ ಎಮ್ಮೆಯಂಥದು ಇನ್ನೊಬ್ಬರ ಬಳಿ ಇರುವುದಿಲ್ಲ. ಅದು ಬ್ಲಾಕ್‌ಚೈನಿನಲ್ಲಿ, ಅಂದರೆ ಊರೂರಿನ ಸಾವಿರಾರು ಕಂಪ್ಯೂಟರುಗಳಲ್ಲಿ ಒಟ್ಟೊಟ್ಟಿಗೆ, ಯಾರೂ ಅಳಿಸಲಾಗದಂತೆ ದಾಖಲಾಗಿರುತ್ತದೆ. ಬೇಡವೆನಿಸಿದರೆ ಎಮ್ಮೆಯನ್ನು ನಿಜವಾದ ಹಣಕ್ಕೆ ಮಾರಲೂಬಹುದು.

"ಅಂದ್ರ ಎಮ್ಮಿ ಕಾಪಿ ಮಾಡಾಕ ಬರಂಗಿಲ್ಲ?" ಅಕೀಲ ಕೇಳಿದ.

"ಬಿಲ್ಕುಲ್ ಇಲ್ಲ. ವರ್ಲ್ಡಲ್ಲೇ ಒಂದು."

"ನಮ್ಮ ಮಾವಂದೂ ಒಂದ ಎಮ್ಮಿ ಐತಿ. ಅದನ್ನೂ ಯಾರೂ ಕಾಪಿ ಮಾಡಿಲ್ಲ. ಒಂದು ಹಗ್ಗ ಸಾಕಾಗೇತಿ."

ಅಕ್ಷಯ ನಗಲಿಲ್ಲ. ಖೇಲ್‌ಮಂಡಿಯವರು ಕಳಿಸಿದ ನೋಟಿಸಿನ ಪ್ರತಿಯನ್ನು ಮುಂದಿಟ್ಟ. ಬಿರಾದಾರರು ಕನ್ನಡಕ ಏರಿಸಿಕೊಂಡು ಓದತೊಡಗಿದರು. ಟೇಕಡಿ ರಸ್ತೆ ಠಾಣೆಯದೇ ಲೆಟರ್‌ಹೆಡ್ಡು, ಠಾಣೆಯದೇ ಶಿಕ್ಕಾ ಎಂದರೆ ದುಂಡು ಮೊಹರು, ಒಪ್ಪವಾದ ಸರ್ಕಾರಿ ಮರಾಠಿ. 'ತಬೇಲಾ' ಆಟದ ಎಮ್ಮೆಗಳು ಹೊರಗೆ ಹಣಕ್ಕೆ ಮಾರಾಟವಾಗುತ್ತಿದ್ದು, ಇದು ತಮ್ಮದೇ ಅಂಗಡಿಯ ನಿಯಮಕ್ಕೆ ವಿರುದ್ಧವಾದ್ದರಿಂದ ತಕ್ಷಣ ಆಟ ತೆಗೆಯತಕ್ಕದ್ದು, ತಪ್ಪಿದಲ್ಲಿ ಅಧಿಕಾರಿಗಳನ್ನು ಠಾಣೆಗೆ ಕರೆಸಲಾಗುವುದು ಎಂದಿತ್ತು. ಜೊತೆಗೊಂದು ಪಂಚನಾಮೆ. ಅದರಲ್ಲಿ ಹೀಗಿತ್ತು: 'ಸದರಿ ಎಮ್ಮೆಯು ಕಪ್ಪು ವರ್ಣದ್ದು. ಎಡಗೋಡು ತುಸು ಓರೆ. ಚಂಪಾ ಎಂದು ಕರೆದರೆ ಕಿವಿ ಆಡಿಸುತ್ತದೆ. ಪಂಚರ ಸಮಕ್ಷಮ ಹುಲ್ಲು ಹಾಕಲಾಗಿ ತಿಂದಿತು.'

ಬಿರಾದಾರರಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ತಮ್ಮ ಠಾಣೆಯಿಂದ ಇಷ್ಟು ಚೊಕ್ಕ ಪಂಚನಾಮೆ ಹೊರಬಿದ್ದದ್ದನ್ನು ಅವರು ಕಂಡಿರಲಿಲ್ಲ. ಕೆಳಗಿದ್ದ ಅವರ ಸಹಿಯಂತೂ ಅವರು ಹಾಕುವುದಕ್ಕಿಂತ ಅಂದವಾಗಿತ್ತು.

"ಇದು ನಾನು ಕಳಿಸಿದ್ದಲ್ಲ," ಎಂದರು. "ಈ ಚಂಪಾ ಯಾರ ಎಮ್ಮಿ? ಅದನ್ನರೆ ಹೇಳು."

"ಚೈನಲ್ಲಿ ಓನರ್ ಹೆಸರು ಇರಲ್ಲ ಸರ್. ನಂಬರ್ ಮಾತ್ರ. ಎಲ್ರೂ ನೋಡಬಹುದು, ಯಾರದು ಅಂತ ಯಾರಿಗೂ ಗೊತ್ತಾಗಲ್ಲ."

"ಇಷ್ಟು ಕಂಪ್ಯೂಟರ್ ಯಾಕ ಬೇಕಾಗಿತ್ತು? ನಮ್ಮ ಠಾಣಾದ ಕಪಾಟಿನ್ಯಾಗ ಇಟ್ಟಿದ್ರೂ ಹಂಗ ಆಗ್ತಿತ್ತು," ಎಂದ ಅಕೀಲ.

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಅಪರಿಚಿತ ವ್ಯಕ್ತಿಯಿಂದ ನಕಲಿ ದಾಖಲೆ ಸೃಷ್ಟಿ, ಸರ್ಕಾರಿ ನೌಕರನ ಸೋಗು. ಹನ್ನೆರಡಕ್ಕೆ ಡಿಸಿಪಿ ಸಾಹೇಬರ ಮೊಬೈಲ್ ಕರೆ ಬಂತು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ. ಶಿಕ್ಕಾ ಯಾರ ಸುಪರ್ದಿಯಲ್ಲಿದೆ? ಬಿರಾದಾರರು ಅಕೀಲನ ಮುಖ ನೋಡುತ್ತಾ ಅಕೀಲನ ಹೆಸರು ಹೇಳಬೇಕಾಯಿತು. ಶಿಕ್ಕಾ ಅಸಲಿ ಎಂದಮೇಲೆ ಒಳಗಿನವರದೇ ಕೆಲಸ, ಶುಕ್ರವಾರದೊಳಗೆ ಬೇರೆ ಹೆಸರು ಸಿಗದಿದ್ದರೆ ಹವಾಲ್ದಾರನ ಅಮಾನತು ಆದೇಶಕ್ಕೆ ಸಹಿ ಹಾಕುತ್ತೇನೆ ಎಂದು ಸಾಹೇಬರು ಫೋನ್ ಇಟ್ಟರು.

ಅಕೀಲನಿಗೆ ಹಸಿವು ಹೋಯಿತು. ಅವನ ಮನೆಯಲ್ಲಿ ಮಗಳು ಮುಸರತಳ ಮದುವೆ ಗೊತ್ತಾಗಿತ್ತು. ಅಮಾನತಾದ ಹವಾಲ್ದಾರನ ಮನೆಗೆ ಬೀಗರು ಯಾವ ಮುಖ ಹೊತ್ತು ಬರುತ್ತಾರೆ? ಅವನು ಶಿಕ್ಕಾವನ್ನು ಟ್ರಂಕಿನೊಳಗಿಟ್ಟು ಎರಡು ಬೀಗ ಜಡಿದ. ಬಿರಾದಾರರಿಗೆ ತಮ್ಮ ಹೆಂಡತಿಯ ಮೇಲಿರುವಷ್ಟೇ ನಂಬಿಕೆ ಅಕೀಲನ ಮೇಲಿತ್ತು; ಹೆಂಡತಿಯಾದರೂ ಆಗೀಗ ಸಕ್ಕರೆ ಡಬ್ಬಿ ಬಚ್ಚಿಡುತ್ತಿದ್ದಳು.

ಮಧ್ಯಾಹ್ನ ಇಬ್ಬರೂ ಪರೇಲ್‌ಗೆ ಹೋದರು. ಹಳೆಯ ಮಿಲ್ಲಿನ ಕಟ್ಟಡಕ್ಕೆ ಗಾಜು ಹೊದಿಸಿ ಖೇಲ್‌ಮಂಡಿಯ ಕಚೇರಿ ಮಾಡಿದ್ದರು. ಅಂಗಡಿಯಲ್ಲಿ ಯಾವ ಆಟ ಇರಬೇಕು, ಯಾವುದು ಇರಬಾರದು ಎಂದು ನೋಡುವುದು ಲಾವಣ್ಯಾ ಎಂಬ ಅಧಿಕಾರಿಯ ಕೆಲಸ. ಕಿನ್ನಿಗೋಳಿಯಿಂದ ಬಂದ ಹುಡುಗಿ. ಎದುರಿಗೆ ಖಾಕಿ ಕಂಡು ಅವಳು ಕಾಫಿ ಕಪ್ಪು ಬಿಟ್ಟು ಎದ್ದು ನಿಂತಳು.

"ನೋಟಿಸು ಬಂದ ಎಷ್ಟು ಹೊತ್ತಿಗೆ ಆಟ ತೆಗದ್ರಿ?" ಬಿರಾದಾರರು ಕೇಳಿದರು.

"ಒಂದು ಗಂಟೆಯೊಳಗೆ ಸರ್. ಅಂಚೆಯಲ್ಲಿ, ಕಾಗದದಲ್ಲಿ, ಶಿಕ್ಕಾ ಹಾಕಿ ಬಂತಲ್ಲ, ನಮ್ಮ ಲೀಗಲ್‌ನವರು ಹೆದರಿಯೇ ಹೋದ್ರು."

"ಆಟ ನಿಜಕ್ಕೂ ನಿಯಮ ಮುರಿದೈತೇನು?"

"ಹೌದು. ಆಟದೊಳಗಿನ ವಸ್ತುವನ್ನು ಹೊರಗೆ ಹಣಕ್ಕೆ ಮಾರುವ ಹಾಗೆ ಇದ್ರೆ ನಾವು ಇಡುದಿಲ್ಲ. ಅವರು ಅರ್ಜಿಯಲ್ಲಿ 'ಮಕ್ಕಳ ಕೃಷಿ ಶಿಕ್ಷಣ' ಅಂತ ಬರೆದಿದ್ರು."

"ಮೊದಲ ಯಾರೂ ದೂರು ಕೊಟ್ಟಿರಲಿಲ್ಲೇನು?"

ಲಾವಣ್ಯಾ ಕತ್ತು ತಗ್ಗಿಸಿದಳು. "ಯಾರೋ ಒಬ್ಬರು ದಿನಾ ಕೊಡ್ತಾ ಇದ್ರು. ಆಟದಲ್ಲಿ ದೂರಿನ ಬಟನ್ ಉಂಟಲ್ಲ, ಅದನ್ನು ಒತ್ತಿ. ಅದಕ್ಕೆ ಮೆಷಿನ್ನೇ ಉತ್ತರ ಕಳಿಸ್ತದೆ, 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ. ಅಷ್ಟೇ. ದೂರು ಕೊಟ್ಟವರ ಹೆಸರು ಇಟ್ಟುಕೊಳ್ಳಬಾರದು, ಅದೂ ನಿಯಮ."

ನೋಟಿಸು ಅಸಲಿಯೋ ಎಂದು ಪರಿಶೀಲಿಸಲಿಲ್ಲವೇ ಎಂದು ಕೇಳಿದಾಗ ಅವಳಿಗೆ ಸ್ವಲ್ಪ ಧೈರ್ಯ ಬಂತು. ಕೆಳಗೆ ಕೊಟ್ಟಿದ್ದ ನಂಬರಿಗೆ ತಾನೇ ಫೋನ್ ಮಾಡಿದ್ದೆ ಎಂದು ನಂಬರು ತೋರಿಸಿದಳು. ಅಕೀಲ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ. "ನಂಬರೂ ನಮ್ಮದ ಐತ್ರಿ ಸಾಹೇಬ್ರ. ಬೋರ್ಡಿನ ಮ್ಯಾಲ ಬರದೇವಲ್ಲ, ಅದ."

"ಯಾರು ಎತ್ತಿದ್ರು ಫೋನು?"

"ಗಂಡಸರು. ಪ್ರಾಯ ಆದವರು. 'ಟೇಕಡಿ ರಸ್ತೆ ಠಾಣೆ, ಹೇಳಿ' ಅಂದ್ರು. ತುಂಬಾ ಮರ್ಯಾದೆಯಲ್ಲಿ ಮಾತಾಡಿದ್ರು ಸರ್. ನನ್ನ ಹಿಂದಿ ಕೇಳಿಯೇ ಊರು ಯಾವುದು ಅಂತ ಕೇಳಿದ್ರು. ಕಿನ್ನಿಗೋಳಿ ಅಂದೆ. ಯಾರ ಮನೆ ಅಂತ ಕೇಳಿದ್ರು. ಕೊನೆಗೆ ಊಟ ಆಯ್ತಾ ಕೇಳಿ ಇಟ್ರು."

ಬಿರಾದಾರರು ಅಕೀಲನನ್ನು ನೋಡಿದರು. ಅಕೀಲ ಹುಟ್ಟಿದ್ದು ಜತ್ತ ತಾಲ್ಲೂಕಿನಲ್ಲಿ. ದಖನಿ ಬೆರೆತ ಅವನ ಕನ್ನಡಕ್ಕೆ ಕಿನ್ನಿಗೋಳಿಯ ಮನೆತನಗಳ ಗೊಡವೆ ಇರಲಿಲ್ಲ. ಇನ್ನು ಆ ಠಾಣೆಯಲ್ಲಿ ಫೋನ್ ಮಾಡಿದವರಿಗೆ ಊಟ ಆಯ್ತಾ ಎಂದು ಕೇಳುವ ಪೊಲೀಸ್ ಇನ್ನೂ ಭರ್ತಿಯಾಗಿರಲಿಲ್ಲ. ಅಕೀಲ ನಿರಪರಾಧಿ ಎಂದು ಅವರಿಗೆ ಆಗಲೇ ಖಾತ್ರಿಯಾಯಿತು. ಆದರೆ ಊಟ ವಿಚಾರಿಸುವುದು ಕರಾವಳಿಯವರ ಲಕ್ಷಣ ಎಂದು ಸಾತಾರಾ ಕಡೆಯ ಡಿಸಿಪಿ ಸಾಹೇಬರಿಗೆ ವರದಿ ಬರೆಯುವುದು ಹೇಗೆ?

ಬುಧವಾರವಿಡೀ ಠಾಣೆಯವರ ಹೇಳಿಕೆ ಪಡೆಯುವುದರಲ್ಲೇ ಹೋಯಿತು. ಯಾರಿಗೂ ಏನೂ ಗೊತ್ತಿರಲಿಲ್ಲ. ಚಂಪಾ ಎಂಬ ಹೆಸರು ಕೇಳಿ ಒಬ್ಬ ಕಾನ್‌ಸ್ಟೆಬಲ್ ಕೆಂಪಾದ. ವಿಚಾರಿಸಿದಾಗ ಅದು ಬೇರೆಯೇ ಪ್ರಕರಣವೆಂದು ತಿಳಿದು ಬಿರಾದಾರರು ಅವನನ್ನು ಬಿಟ್ಟುಕೊಟ್ಟರು.

ಗುರುವಾರ ಪವಾಯಿಯ ಕಚೇರಿಗೆ ಹೋಗಿ ಅಕ್ಷಯನ ಕಂಪ್ಯೂಟರಿನಲ್ಲಿ ಆಟವನ್ನು ನೋಡಿ ಪಂಚನಾಮೆ ಮಾಡುವುದೆಂದಾಯಿತು. ಲಾವಣ್ಯಾಳೂ ಅಲ್ಲಿಗೆ ಬರುವುದಾಗಿ ಒಪ್ಪಿದಳು. ಪಂಚನಾಮೆ ಎಂದರೆ ಪೊಲೀಸರು ಕಂಡದ್ದಕ್ಕೆ, ವಶಪಡಿಸಿಕೊಂಡದ್ದಕ್ಕೆ ಊರವರಿಬ್ಬರು ಸಾಕ್ಷಿಯಾಗಿ ನಿಲ್ಲಬೇಕು. ಮುಂಬಯಿಯಲ್ಲಿ ಹೀಗೆ ನಿಲ್ಲಲು ಯಾರನ್ನಾದರೂ ಕರೆಯಿರಿ, ಅವರಿಗೆ ಆಗಲೇ ಲೋಕಲ್ ರೈಲು ತಪ್ಪಿಹೋಗುತ್ತಿರುತ್ತದೆ. ಅದಕ್ಕೇ ಒಂದೊಂದು ಠಾಣೆಗೂ ಒಬ್ಬ ಕಾಯಂ ಪಂಚ ಇರುತ್ತಾನೆ. ಟೇಕಡಿ ರಸ್ತೆ ಠಾಣೆಯವರಿಗೆ ಎದುರುಗಡೆಯ ನೇತ್ರಾವತಿ ಲಂಚ್ ಹೋಮಿನ ಕ್ಯಾಷಿಯರ್ ಮೋನಪ್ಪ ಕೋಟ್ಯಾನ್ ಇದ್ದರು. ಕಳವಿನ ಸ್ಕೂಟರಿರಲಿ, ಕೆರೆಯಲ್ಲಿ ಸಿಕ್ಕ ಹೆಣವಿರಲಿ, ಕರೆದರೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ತಲೆ ಬಾಚಿಕೊಂಡು ಜೀಪು ಹತ್ತುವವರು. ಈವರೆಗೆ ಒಂದು ಸಲವೂ ಇಲ್ಲವೆಂದವರಲ್ಲ. ಅಕೀಲ ನಮಾಜಿಗೆ ಹೋದಾಗ ಅವನ ಕುರ್ಚಿಯಲ್ಲಿ ಕೂತು ಟೇಬಲ್ ಕಾಯುವಷ್ಟು ಒಳಗಿನವರಾಗಿದ್ದರು.

ಕರೆಯಲು ಹೋದ ಅಕೀಲ ಒಬ್ಬನೇ ವಾಪಸು ಬಂದ.

"ಬರಂಗಿಲ್ಲಂತ್ರಿ. ಮೊಣಕಾಲು ನೋವಂತ."

"ಮೋನಪ್ಪ? ಬರಂಗಿಲ್ಲ?"

"ಪವಾಯಿ ಅಂದೆ, ಹೂಂ ಅಂದ್ರು. ಪರೇಲಿನ ಮೇಡಮ್ಮೂ ಬರ್ತಾರ ಅಂದೆ, ಮೊಣಕಾಲು ಹಿಡ್ಕೊಂಡ್ರು."

ಬಿರಾದಾರರಿಗೆ ರೇಗಿತು. ಹನ್ನೊಂದಕ್ಕೆ ಪವಾಯಿ ತಲುಪಬೇಕಿತ್ತು, ಈಗ ಪಂಚರನ್ನು ಎಲ್ಲಿಂದ ಹಿಡಿದು ತರುವುದು? ತಾವೇ ಗದರಿಸೋಣವೆಂದು ಮೊಬೈಲ್ ತೆಗೆದು ಲಂಚ್ ಹೋಮಿನ ನಂಬರ್ ಒತ್ತಿದರು. ಎರಡು ಸಲ ಗಂಟೆ ಬಾರಿಸಿ ಆ ಕಡೆಯಿಂದ ಮೋನಪ್ಪನವರ ದನಿ ಕೇಳಿಸಿತು.

"ಟೇಕಡಿ ರಸ್ತೆ ಠಾಣೆ, ಹೇಳಿ."

ಬಿರಾದಾರರು ಕರೆ ಕತ್ತರಿಸಿ ಮೊಬೈಲನ್ನು ಮೇಜಿನ ಮೇಲಿಟ್ಟರು. ಮೆಟ್ರೋದವರು ರಸ್ತೆ ಅಗೆದಂದಿನಿಂದ ಠಾಣೆಯ ಲ್ಯಾಂಡ್‌ಲೈನ್ ಸತ್ತುಬಿದ್ದಿತ್ತು. ದುರಸ್ತಿಗೆ ಬರೆದು ಬರೆದು ಸಾಕಾಗಿ, ಎದುರಿನ ಲಂಚ್ ಹೋಮಿನ ನಂಬರನ್ನೇ ಬೋರ್ಡಿನ ಮೇಲೆ ಬರೆಸಿದ್ದರು. ಕರೆ ಬಂದರೆ ಮೋನಪ್ಪ ಎತ್ತಿ, ಠಾಣೆಯವರಂತೆಯೇ ಮಾತಾಡಿ, ರಸ್ತೆಯ ಈಚೆಗೆ ಕೂಗಿ ಹೇಳುತ್ತಿದ್ದರು. ಅದು ಎಷ್ಟು ರೂಢಿಯಾಗಿ ಹೋಗಿತ್ತೆಂದರೆ, ಆ ಫೋನು ನಿಜವಾಗಿ ಇರುವುದು ದೋಸೆಕಾವಲಿಯ ಪಕ್ಕದಲ್ಲಿ ಎಂಬುದನ್ನು ಇಡೀ ಠಾಣೆ ಮರೆತೇಬಿಟ್ಟಿತ್ತು.

"ಅಕೀಲ," ಎಂದರು ಬಿರಾದಾರರು, "ನಮ್ಮ ನಂಬರು ಅಂದಿ ನೋಡು, ಅದು ಯಾರ ಕೈಯಾಗ ಇರ್ತದ?"

ಅಕೀಲ ರಸ್ತೆಯಾಚೆಯ ಲಂಚ್ ಹೋಮಿನತ್ತ ನೋಡಿದ. ಆಮೇಲೆ ಬಹಳ ಮೆಲ್ಲಗೆ, "ಇರಲಿಕ್ಕಿಲ್ಲ ಬಿಡ್ರಿ ಸಾಹೇಬ್ರ. ಅವರು ನಮ್ಮವರು," ಎಂದ.

ಇಬ್ಬರೂ ರಸ್ತೆ ದಾಟಿದರು. ಮೋನಪ್ಪನವರು ಗಲ್ಲಾದ ಹಿಂದೆ ಕೂತಿದ್ದರು. ಮೊಣಕಾಲಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು, ಪ್ಯಾಂಟಿನ ಮೇಲಿಂದಲೇ.

"ಕೂತ್ಕೊಳ್ಳಿ ಸರ್. ಬನ್ಸ್ ಬಿಸಿ ಉಂಟು."

"ಬನ್ಸು ಆಮ್ಯಾಲ. ಕಿನ್ನಿಗೋಳಿಯ ಲಾವಣ್ಯಾ ಯಾರ ಮನೆಯವಳು?"

ಮೋನಪ್ಪ ತಲೆ ತಗ್ಗಿಸಿ ಮನೆಯ ಹೆಸರು ಹೇಳಿದರು. ಅವಳ ಅಜ್ಜ ಬಸ್ ಏಜೆಂಟರಾಗಿದ್ದರು ಎಂಬುದನ್ನೂ ಸೇರಿಸಿದರು. ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಕಂಡದ್ದನ್ನು ಕಂಡಂತೆ ಬರೆಸಿ ಸಹಿ ಹಾಕಿದ್ದೇ ಅವರ ಹೆಮ್ಮೆಯಾಗಿತ್ತು.

"ಶಿಕ್ಕಾ ಯಾವಾಗ ತಗೊಂಡ್ರಿ?"

"ಇವರು ನಮಾಜಿಗೆ ಹೋದಾಗ. ಒಂದೇ ಸಲ ಒತ್ತಿದ್ದು ಸರ್. ಒರೆಸಿ ಇಟ್ಟಿದ್ದೇನೆ."

"ನಾಳೆ ಈ ಅಕೀಲನ್ನ ಸಸ್ಪೆಂಡ್ ಮಾಡ್ತಾರ. ಗೊತ್ತೈತೇನು?"

ಗೊತ್ತಿರಲಿಲ್ಲ. ಮೋನಪ್ಪ ಎದ್ದು ನಿಂತರು, ಮೊಣಕಾಲಿನ ಕರವಸ್ತ್ರ ಕಳಚಿ ಕೆಳಗೆ ಬಿತ್ತು. ಗಲ್ಲಾದ ಬೀಗದ ಕೈಯನ್ನು ದೋಸೆಭಟ್ಟರ ಕೈಗೆ ಕೊಟ್ಟು, ಎರಡೂ ಕೈಗಳನ್ನು ಮುಂದೆ ಚಾಚಿದರು.

"ನಡೀರಿ ಸರ್. ಮಗಳ ಮದುವೆ ಇಟ್ಟುಕೊಂಡ ಮನುಷ್ಯ ಅದು. ಎಂತ ಕೆಲಸ ಮಾಡಿದೆ ಮಾರಾಯ್ರೆ ನಾನು!"

ಅಕೀಲ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. "ನನಗ ಒಂದ ಮಾತು ಕೇಳಿದ್ದರ ಕಾಕಾ, ಏನಿತ್ತು ಅಂಥಾದ್ದು?" ಎಂದ. ಅವನ ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿಗಿಂತ ನೋವೇ ಜಾಸ್ತಿ ಇತ್ತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು. ಮೋನಪ್ಪ ಮತ್ತು ಹೆಂಡತಿ ವಸಂತಿ ಘಾಟ್ಲಾದ ಚಾಳಿನಲ್ಲಿದ್ದರು. ಮಕ್ಕಳಿರಲಿಲ್ಲ. ಪಂಚನಾಮೆಗೆ ಹೋದ ದಿನಗಳಲ್ಲಿ ಮೋನಪ್ಪ ಮನೆಗೆ ಬಂದು ಕಾಲು ತೊಳೆಯುವುದೇ ತಡ, ವಸಂತಿ ತಟ್ಟೆ ಇಟ್ಟು ಎದುರಿಗೆ ಕೂತು, ಏನಾಯ್ತು ಹೇಳಿ ಎನ್ನುತ್ತಿದ್ದರು. ಹೆಣದ ಕತೆಯಾದರೆ ಎದೆ ಮೇಲೆ ಕೈ ಇಟ್ಟುಕೊಳ್ಳುವರು, ಕಳ್ಳನ ಕತೆಯಾದರೆ ನಗುವರು. ಕ್ಯಾಷಿಯರ್ ಮೋನಪ್ಪನಿಗೆ ಊರಲ್ಲಿ ಬೇರೆ ಯಾರೂ ಕೇಳುವವರಿರಲಿಲ್ಲ. ಮೂರು ತಿಂಗಳ ಹಿಂದೆ ಪಕ್ಕದ ಖೋಲಿಯ ವಿನೋದಿನಿ ವಸಂತಿಯ ಮೊಬೈಲಿಗೆ ತಬೇಲಾ ಹಾಕಿಕೊಟ್ಟಳು.

"ಎಮ್ಮೆಗೆ ಚಂಪಾ ಅಂತ ಹೆಸರಿಟ್ಳು," ಎಂದರು ಮೋನಪ್ಪ. "ನಾನು ಬಾಗಿಲಿಗೆ ಬಂದ್ರೆ ಅದಕ್ಕೆ ಹುಲ್ಲು ಹಾಕುವ ಹೊತ್ತು. ಊಟಕ್ಕೆ ಕೂತ್ರೆ ಮೈ ತೊಳೆಯುವ ಹೊತ್ತು. ಮೊನ್ನೆ ಮಾಹುಲ್‌ನಲ್ಲಿ ಟ್ಯಾಂಕರಿನೊಳಗೆ ಕಳ್ಳ ಸಿಕ್ಕಿದ್ನಲ್ಲ, ಅಂಥಾ ಕತೆ! ಹೇಳ್ಲಿಕ್ಕೆ ಹೋದೆ. 'ಸ್ವಲ್ಪ ಇರಿ, ಹಾಲು ಕರೀಬೇಕು' ಅಂದ್ಳು. ಆ ಕತೆ ಇನ್ನೂ ಹೇಳ್ಲಿಲ್ಲ ಸರ್, ನನ್ನ ಹೊಟ್ಟೆಯೊಳಗೇ ಉಂಟು."

"ಅದಕ್ಕ ನೋಟಿಸ್ ಕಳಿಸಿದ್ರಿ."

"ಮೊದಲು ಬಟನ್ ಒತ್ತಿದೆ. ನಿಯಮ ಓದಿಯೇ ಒತ್ತಿದ್ದು. ದಿನಾ ಒತ್ತಿದೆ, ಅವಳು ಮಲಗಿದ ಮೇಲೆ. ಅಮೂಲ್ಯ ಅಂತ ಬರೀತಾರೆ, ಎಂತದೂ ಮಾಡುದಿಲ್ಲ. ಪೊಲೀಸರು ಹೇಳಿದ್ರೆ ಕೇಳ್ತಾರೆ ಅಂತ ನಂಗೆ ಗೊತ್ತಿತ್ತು. ನಿಮ್ಮ ಮಾತು ಇಷ್ಟು ವರ್ಷ ಕೇಳಿ ಕೇಳಿ ಬಾಯಿಪಾಠ ಆಗಿದೆಯಲ್ಲ."

"ಆಟ ಹೋದಮ್ಯಾಲ ಆಕಿ ಮಾತಾಡಿದಳೇನು?"

ಮೋನಪ್ಪ ಇಲ್ಲವೆಂದು ತಲೆಯಾಡಿಸಿದರು. ಎಮ್ಮೆ ಎಲ್ಲೋ ಇದೆ, ಯಾರೂ ಅಳಿಸಲಾರರು, ಆದರೆ ಹುಲ್ಲು ಹಾಕಲು ದಾರಿಯಿಲ್ಲ ಎಂದು ವಿನೋದಿನಿ ವಿವರಿಸಿದ್ದಳಂತೆ. ಅಂದಿನಿಂದ ವಸಂತಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು.

ಸಂಜೆ ನಾಲ್ಕಕ್ಕೆ ಬಂಧನದ ಟಿಪ್ಪಣಿ ಸಿದ್ಧವಾಯಿತು. ಸುದ್ದಿ ಕೇಳಿ ಬಂದ ಲಾವಣ್ಯಾ, ನೋಟಿಸು ನಕಲಿಯಾದರೂ ಅದರಲ್ಲಿ ಬರೆದ ನಿಯಮ ಅಸಲಿ, ಆಟವನ್ನು ವಾಪಸು ಇಡಲಾಗದು ಎಂದಳು. ದೂರು ಕೊಟ್ಟು ಗೆದ್ದ ಅಕ್ಷಯ ಸೋತ ಮುಖ ಹೊತ್ತು ಪವಾಯಿಗೆ ಹೊರಟ. ಡಿಸಿಪಿ ಸಾಹೇಬರು ಅಕೀಲನ ಆದೇಶವನ್ನು ಹರಿದುಹಾಕಿ, ಠಾಣೆಯ ಫೋನು ಮೊದಲು ದುರಸ್ತಿ ಮಾಡಿಸಿ ಎಂದು ಬಿರಾದಾರರಿಗೆ ಚೆನ್ನಾಗಿ ಉಗಿದರು.

ಬಂಧನದ ಟಿಪ್ಪಣಿಗೆ ಒಬ್ಬ ಸಾಕ್ಷಿಯ ಸಹಿ ಬೇಕು, ಮನೆಯವರಾದರೂ ಆಗುತ್ತದೆ. ವಸಂತಿಯನ್ನು ಕರೆಸಿದರು. ಆಕೆ ಓಡುತ್ತಲೇ ಬಂದಿದ್ದರು, ಸೆರಗು ಬೆವರಿಗೆ ಅಂಟಿತ್ತು. ಗಂಡ ಬೆಂಚಿನ ಮೇಲೆ ಕೂತದ್ದನ್ನು ಕಂಡು ಬಾಗಿಲಲ್ಲೇ ನಿಂತರು. ಬಿರಾದಾರರು ಆದಷ್ಟು ಮೆತ್ತಗೆ ವಿಷಯ ತಿಳಿಸಿದರು. ನಾಳೆ ಕೋರ್ಟಿಗೆ ಹಾಜರುಪಡಿಸುತ್ತೇವೆ, ಜಾಮೀನು ಸಿಗಬಹುದು, ಇಲ್ಲಿ ಸಹಿ ಮಾಡಿ ಎಂದು ಕಾಗದ ಮುಂದಿಟ್ಟರು.

"ಚಂಪಾಳನ್ನು ಕಳಿಸಿದ್ದು ನೀವಾ?" ವಸಂತಿ ಗಂಡನನ್ನು ಕೇಳಿದರು.

ಮೋನಪ್ಪ ತಲೆ ಎತ್ತಲಿಲ್ಲ. "ಹೌದು."

"ಯಾಕೆ?"

ಅಕೀಲ ಹೇಳಿಕೆಯ ಹಾಳೆಯನ್ನು ಮೆಲ್ಲಗೆ ಆಕೆಯತ್ತ ಸರಿಸಿದ. ಆಕೆಗೆ ಮರಾಠಿ ಓದಲು ಬರುತ್ತಿರಲಿಲ್ಲ. ಬಿರಾದಾರರು ಕೆಮ್ಮಿ, "ನೀವು ಇವರ ಮಾತು ಕೇಳೂದು ಬಿಟ್ಟಿರಂತ ತಾಯಿ. ಅದಕ್ಕ," ಎಂದರು.

ವಸಂತಿಯ ಕಣ್ಣು ತುಂಬಿತು. ಸಿಟ್ಟೂ ಬಂದಿತ್ತು, ನಾಚಿಕೆಯೂ ಆಗಿತ್ತು, ಯಾವುದನ್ನು ಮೊದಲು ಹೊರಗೆ ಹಾಕುವುದೆಂದು ತಿಳಿಯದೆ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು. ಆಮೇಲೆ ಬೆಂಚಿಗೆ ಬಂದು ಗಂಡನ ಪಕ್ಕ ಕೂತರು.

"ನಾನು ಈಗಲೇ ಸಹಿ ಮಾಡುದಿಲ್ಲ ಸರ್. ಇವರು ಎಂತ ಮಾಡಿದ್ದು ಅಂತ ಇವರ ಬಾಯಿಂದ ಕೇಳ್ಬೇಕು. ಹೇಳಿ ನೀವು. ಮೊದಲಿಂದ."

ಮೋನಪ್ಪ ಇನ್‌ಸ್ಪೆಕ್ಟರರ ಮುಖ ನೋಡಿದರು. ಕಸ್ಟಡಿಯಲ್ಲಿರುವವರು ಹೀಗೆ ಮಾತಾಡಬಹುದೆಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಬಿರಾದಾರರು ಕಿಟಕಿಯ ಕಡೆ ತಿರುಗಿ ಕೂತರು. ಅಕೀಲ ಎದ್ದು ಹೋಗಿ, ಮಾತು ಕೇಳಿಸಲೆಂದು ಫ್ಯಾನ್ ಆರಿಸಿದ.

"ಮೊದಲು ಮಾಹುಲ್‌ನ ಕಳ್ಳನ ಕತೆ ಹೇಳ್ಲಾ?" ಎಂದರು ಮೋನಪ್ಪ, ಹೆದರಿ ಹೆದರಿ.

ವಸಂತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಕಡೆ ಪೂರ್ತಿ ತಿರುಗಿ 'ಹ್ಞೂಂ' ಅಂದರು.